ಬೆಂದ ಭತ್ತದ ಡಬ್ಬಿ

ಎರಡು ವಾರದಿಂದ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಕಾಗದದ ಲೋಟ ಕೂತಿತ್ತು. ಲೋಟದಲ್ಲಿ ಮಣ್ಣು, ಮಣ್ಣಿನಲ್ಲಿ ಐದು ಹೆಸರುಕಾಳು, ಹೊರಗೆ ಅಂಟಿಸಿದ ಗುಲಾಬಿ ಚೀಟಿಯ ಮೇಲೆ ನನ್ನ ಮೊಮ್ಮಗಳು ಇನಾಯಾಳ ಹೆಸರು. ಬೀಜ ಹಾಕಿ, ದಿನಾ ನೋಡಿ, ಕಂಡದ್ದನ್ನು ಬರೆದು ತನ್ನಿ ಎಂದು ಶಾಲೆಯವರು ಹೇಳಿ ಕಳಿಸಿದ್ದರು. ಇನಾಯಾ ಮೂರನೇ ತರಗತಿ. ಪ್ರೀತಿ ಹೆಚ್ಚಾಗಿ ದಿನಕ್ಕೆ ಆರು ಸಲ ನೀರು ಕುಡಿಸಿದಳು. ಕಾಳು ಕೊಳೆತವು. ಮೊನ್ನೆ ಬೆಳಿಗ್ಗೆ ಚಹಾ ಸೋಸುತ್ತ ಕಿಟಕಿಯ ಹತ್ತಿರ ನಿಂತಾಗ ಅದರ ವಾಸನೆ ಮೂಗಿಗೆ ಬಡಿಯಿತು, ಒದ್ದೆ ಗೋಣಿಚೀಲದಂಥ ಹುಳಿ ವಾಸನೆ. ನಲವತ್ತು ವರ್ಷ ದಾಟಿತು ನೋಡಿ, ಆದರೂ ಆ ವಾಸನೆಗೆ ನನ್ನ ಕಿವಿ ಬಿಸಿಯಾದವು.

ನಮ್ಮ ಸೊಸೆ ಜಾಣೆ. ಮಗಳ ಕೈಮೇಲೆ ನಂಬಿಕೆಯಿಲ್ಲದೆ ಮಹಡಿಯ ಮೇಲೆ ಇನ್ನೊಂದು ಲೋಟದಲ್ಲಿ ತಾನೇ ಕಾಳು ಹಾಕಿ ಗೇಣುದ್ದ ಬೆಳೆಸಿಟ್ಟಿದ್ದಳು. ಮೊನ್ನೆ ಸಂಜೆ ಅದನ್ನು ಕೆಳಗೆ ತಂದು, ಕೊಳೆತ ಲೋಟದ ಗುಲಾಬಿ ಚೀಟಿಯನ್ನು ಮೆಲ್ಲಗೆ ಕಿತ್ತು, ಹಸಿರು ಲೋಟಕ್ಕೆ ಅಂಟಿಸಿದಳು.

"ಯಾಕಮ್ಮ ಹಂಗೆ ಮಾಡ್ತಿ?" ಅಂದೆ.

"ಬಿಡ್ರಿ, ಮಗು ಕ್ಲಾಸಿನಾಗ ಸಣ್ಣ ಮುಖ ಮಾಡ್ಕೊಂಡು ನಿಂತ್ಕೋಬೇಕೇನ್ರಿ?" ಅಂದಳು.

ತಾಯಿಯಾದವಳು ಆಡುವ ಮಾತೇ ಅದು. ನಾನು ಮಾತ್ರ ಕೈಯಲ್ಲಿದ್ದ ಚಹಾವನ್ನು ಕಟ್ಟೆಯ ಮೇಲೆ ಕುಕ್ಕಿ, ಹೋಗಿ ಕೋಣೆಯ ಬಾಗಿಲು ಹಾಕಿಕೊಂಡೆ. ಹೊರಗೆ ಮಗ "ಒಂದು ಚೀಟಿಗೆ ಇಷ್ಟೊಂದು ಸಿಟ್ಟಾ ಇವರಿಗೆ?" ಎನ್ನುವುದು ಕೇಳಿಸಿತು. ಹೌದಪ್ಪಾ, ಒಂದು ಚೀಟಿಗೇ. ಮಗನಿಗೆ ನಾನು ಇದನ್ನು ಹೇಳಿಲ್ಲ. ನಿಮಗೆ ಹೇಳುತ್ತೇನೆ, ಕೂಡ್ರಿ.

ನಮ್ಮ ಅಬ್ಬಾನದು ಮಂಡಕ್ಕಿ ಭಟ್ಟಿ. ದಾವಣಗೆರೆಯಲ್ಲಿ ಮಂಡಕ್ಕಿ ತಿನ್ನದವರು ಯಾರು? ಒಂದು ಮುಷ್ಟಿ ಮಂಡಕ್ಕಿ, ಒಂದು ಕಡಿ ಮಿರ್ಚಿ, ಸಂಜೆ ಕಳೆಯಿತು. ತಿನ್ನುವವರಿಗೆ ಅದು ಹಗುರ. ಮಾಡುವವರ ಕಥೆ ಬೇರೆ. ನಂದಿಗುಡಿ ಕಡೆಯಿಂದ ಬಂದ ಭತ್ತವನ್ನು ನೆನೆಹಾಕಬೇಕು, ದೊಡ್ಡ ಹಂಡೆಯಲ್ಲಿ ಬೇಯಿಸಬೇಕು, ಬಯಲಲ್ಲಿ ಹರವಿ ಒಣಗಿಸಬೇಕು, ಗಿರಣಿಯಲ್ಲಿ ಸಿಪ್ಪೆ ತೆಗೆಸಬೇಕು, ಉಪ್ಪುನೀರು ಹಚ್ಚಬೇಕು, ಆಮೇಲೆ ಕಾದ ಮರಳಿನಲ್ಲಿ ಹಾಕಿ ಹುರಿಯಬೇಕು. ಅಬ್ಬಾನ ಎರಡೂ ಕೈಗಳಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ, ಭಟ್ಟಿಯ ಝಳಕ್ಕೆ ಸುಟ್ಟುಹೋಗಿದ್ದವು. ಚಿಕ್ಕವಳಿದ್ದಾಗ ಗಂಡಸರೆಲ್ಲರ ಕೈ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಹಬ್ಬಕ್ಕೆ ಬಿಟ್ಟರೆ ಆ ಒಲೆ ಆರಿದ್ದನ್ನು ನಾನು ಕಂಡವಳಲ್ಲ.

ಅಬ್ಬಾ ಮಾತಿನಲ್ಲಿ ಗಟ್ಟಿ. ನಮ್ಮ ಜೊತೆ ಉರ್ದು, ಗಿರಾಕಿಗಳ ಜೊತೆ ಅರಳು ಹುರಿದಂತೆ ಕನ್ನಡ. ಆದರೆ ಓದು ಬರಹ ಎರಡೂ ಭಾಷೆಯಲ್ಲಿ ಇಲ್ಲ. ಭಟ್ಟಿಯ ಮುಂದೆ ಬೋರ್ಡು ಹಾಕಿಸಿ ಎಂದು ಯಾರಾದರೂ ಅಂದರೆ ನಗುತ್ತಿದ್ದ. "ನನಗೇ ಓದಾಕ ಬರಲ್ಲ, ಬೋರ್ಡು ತಗೊಂಡು ಏನ್ ಮಾಡ್ಲಿ? ನಮ್ಮ ಮನೆತನದಾಗ ಯಾರ ಹೆಸರೂ ಯಾವ ಗೋಡೆ ಮ್ಯಾಲೂ ಬಂದಿಲ್ಲ." ನಗುತ್ತಲೇ ಹೇಳುತ್ತಿದ್ದ, ಆದರೆ ಅದು ನಗುವ ಮಾತಲ್ಲ ಎನ್ನುವುದು ನನಗೆ ಆಗಲೇ ತಿಳಿಯುತ್ತಿತ್ತು.

ನಾನು ಆಗ ಏಳನೇ ಕ್ಲಾಸು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಮಗೆ ವಿಜ್ಞಾನ ಕಲಿಸಿದವರು ಹಾಲಪ್ಪ ಮೇಷ್ಟ್ರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು, ಇಷ್ಟು ವರ್ಷ ಆರಾಮಾಗಿ ಬೈದುಕೊಂಡಿರಬಹುದಿತ್ತು. ಬಿಳಿ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಸದಾ ಏಲಕ್ಕಿ. ಒಂದು ದಿನ ಹೇಳಿದರು: ಎಲ್ಲರೂ ಮನೆಯಿಂದ ಡಬ್ಬಿ ತರಬೇಕು, ಹಾಜರಿ ಪ್ರಕಾರ ಒಬ್ಬೊಬ್ಬರಿಗೆ ಒಂದೊಂದು ಧಾನ್ಯ, ಮೂರು ವಾರ ಬೆಳೆಸಬೇಕು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಹರಿಹರದ ಹೈಸ್ಕೂಲಿನಲ್ಲಿ ನಡೆಯುವ ವಸ್ತುಪ್ರದರ್ಶನಕ್ಕೆ ಹೋಗುತ್ತದೆ.

"ಹೋದವರ ಹೆಸರು ದಪ್ಪ ಅಕ್ಷರದಾಗ ಬರೆಸಿ ಮುಂದೆ ಇಡ್ತೀವಿ. ನೂರಾರು ಜನ ಓದ್ತಾರೆ" ಅಂದರು.

ನನಗೆ ಕೇಳಿಸಿದ್ದು ಅದೊಂದೇ. ಮನೆಗೆ ಓಡಿಬಂದು ಅಬ್ಬಾನಿಗೆ ಹೇಳಿದೆ. ಅವನು ಜರಡಿ ಆಡಿಸುವುದನ್ನು ನಿಲ್ಲಿಸಿ, "ನಿನ್ನ ಹೆಸರಾ? ಬರೆದು ಇಡ್ತಾರಾ?" ಎಂದು ಎರಡು ಸಲ ಕೇಳಿದ. ಆ ಹೊತ್ತಿನಿಂದ ಹರಿಹರದ ಆ ಹೆಸರಿನ ಚೀಟಿ ನನ್ನೊಬ್ಬಳದಾಗಿ ಉಳಿಯಲಿಲ್ಲ.

ನನ್ನ ಪಾಲಿಗೆ ಬಂದದ್ದು ಭತ್ತ. ಪಕ್ಕದ ಸಾಲಿನ ಮಲ್ಲಿಕಾರ್ಜುನಸ್ವಾಮಿಗೂ ಭತ್ತ. ಅವನ ತಂದೆಗೆ ಬೀಜ ಗೊಬ್ಬರದ ಅಂಗಡಿ ಇತ್ತು. ಹುಡುಗ ಮೆತ್ತಗಿನವನು, ತಲೆಗೆ ಎಣ್ಣೆ, ಪುಸ್ತಕಕ್ಕೆ ರಟ್ಟು. ನಾನು ಎಲ್ಲರೆದುರು ಜಂಬ ಕೊಚ್ಚಿದೆ: "ಭತ್ತ ಅಂದ್ರೆ ನಮ್ದು. ನಾವು ಭತ್ತದಾಗ ಹುಟ್ಟಿ ಭತ್ತದಾಗ ಮಲಗೋರು." ಅಮ್ಮಿಯ ಹತ್ತಿರ ವನಸ್ಪತಿಯ ಖಾಲಿ ಡಬ್ಬಿ ಇಸಿದುಕೊಂಡೆ. ಅವಳು ಒಮ್ಮೆ ಅದನ್ನು ಬೆಕ್ಕಿಗೆ ಎಸೆದಿದ್ದರಿಂದ ಒಂದು ಮಗ್ಗುಲು ತಗ್ಗಾಗಿತ್ತು. ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಮಣ್ಣು ತುಂಬಿ, ಬಯಲಲ್ಲಿ ಒಣಗಲು ಹರವಿದ್ದ ಭತ್ತದಲ್ಲಿ ದಪ್ಪ ದಪ್ಪ ಕಾಳು ಆರಿಸಿ ಊರಿದೆ.

ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ. ಹುಟ್ಟಿದಾಗಿನಿಂದ ಹಂಡೆಯ ಹಬೆ ನೋಡಿದವಳಿಗೆ, ಬಯಲಲ್ಲಿ ಇರುವುದು ಬೆಂದ ಭತ್ತ ಎಂಬುದು ಕಣ್ಣಿಗೆ ಗೊತ್ತಿತ್ತು, ತಲೆಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಭತ್ತ ಎಂದರೆ ಅದೇ. ಭತ್ತ ಹೊಲದಲ್ಲಿ ಹಸಿರಾಗಿ ನಿಲ್ಲುತ್ತದೆ ಎಂಬುದನ್ನು ನಾನು ಪುಸ್ತಕದ ಚಿತ್ರದಲ್ಲಿ ನೋಡಿದವಳು.

ಐದನೇ ದಿನಕ್ಕೆ ಎಲ್ಲರ ಡಬ್ಬಿಯಲ್ಲೂ ಹಸಿರು ಇಣುಕಿತು. ನನ್ನದು ಬೋಳು. ವಾರ ಕಳೆಯಿತು, ಬೋಳು. ಮಲ್ಲಿಕಾರ್ಜುನಸ್ವಾಮಿಯ ಕುಂಡದಲ್ಲಿ ಭತ್ತದ ಸಸಿ ಬೆರಳುದ್ದ ಎದ್ದು ನಿಂತಿತ್ತು. ಮೇಷ್ಟ್ರು ಸಾಲಾಗಿ ನೋಡುತ್ತ ಬಂದು ನನ್ನ ಡಬ್ಬಿಯ ಮುಂದೆ ನಿಂತರು. "ನೀರು ಹಾಕಿಲ್ಲ. ಬರೇ ಬಾಯಿ" ಅಂದರು. ಕ್ಲಾಸು ನಕ್ಕಿತು. ಯಾರೋ ಹಿಂದಿನಿಂದ "ಭತ್ತದಾಗ ಹುಟ್ಟಿದೋಳು!" ಎಂದು ಕೂಗಿದರು.

ನೀರು ಹಾಕಿಲ್ಲವಂತೆ! ನಾನು ದಿನಕ್ಕೆ ಎಷ್ಟು ಸಲ ಹಾಕುತ್ತಿದ್ದೆನೋ ನನಗೇ ಲೆಕ್ಕವಿರಲಿಲ್ಲ. ಡಬ್ಬಿಯನ್ನು ಮನೆಗೆ ಹೊತ್ತೊಯ್ದು ಬಿಸಿಲಿಗೆ ಇಟ್ಟೆ, ನೆರಳಿಗೆ ಇಟ್ಟೆ. ಅಮ್ಮಿ ದರ್ಗಾದಲ್ಲಿ ಪ್ರಾರ್ಥನೆ ಓದಿಸಿದ ನೀರು ತಂದು ಚಿಮುಕಿಸಿದಳು. ಕೊನೆಗೆ ಮಣ್ಣಿನಿಂದ ಆ ಹುಳಿ ವಾಸನೆ ಏಳಲು ಶುರುವಾಯಿತು. ಡಬ್ಬಿಯ ಮುಂದೆ ಕೂತು ಅತ್ತೆ.

ಆ ಸಂಜೆ ಅಬ್ಬಾ ಬಂದವನು ನನ್ನನ್ನು ನೋಡಿದ, ಡಬ್ಬಿಯನ್ನು ನೋಡಿದ. ಬೆರಳು ಹಾಕಿ ಒಂದು ಕಾಳು ಮೇಲೆತ್ತಿ, ತೊಳೆದು, ಹಲ್ಲಿನಲ್ಲಿ ಕಚ್ಚಿ ಮುರಿದ. ಮುರಿದವನೇ ಗೊಳ್ಳೆಂದು ನಕ್ಕುಬಿಟ್ಟ.

"ಹುಚ್ಚಿ! ಇದು ನಮ್ಮ ಹಂಡೆದು. ಬೆಂದ ಕಾಳಿಗೆ ಜೀವ ಎಲ್ಲೈತೆ? ನೀನು ದರ್ಗಾದ ನೀರಲ್ಲ, ಮೆಕ್ಕಾದ ಝಮ್‌ಝಮ್ ನೀರು ಹಾಕಿದ್ರೂ ಏಳಲ್ಲ."

ನಾನು ಅಳು ನಿಲ್ಲಿಸಲಿಲ್ಲ. ಆಗ ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಡೆದ ಕಾಳನ್ನು ಅಂಗೈಯಲ್ಲಿ ಇಟ್ಟು ತೋರಿಸಿದ. ಹಸಿ ಭತ್ತದ ಒಳಗೆ ಬಿಳಿ ಇರುತ್ತದೆ, ಇದರೊಳಗೆ ನೋಡು, ಗಾಜಿನ ಹಾಗೆ ಆಗಿದೆ. ಮೂಲೆಯಲ್ಲಿ ಸಣ್ಣ ಕಣ್ಣು ಇರುತ್ತದಲ್ಲ, ಹಬೆ ಹೋಗಿ ಮೊದಲು ಕೊಲ್ಲುವುದು ಅದನ್ನೇ. ಇಷ್ಟು ಹೇಳಿ ಕಾಳನ್ನು ಮತ್ತೆ ಡಬ್ಬಿಗೆ ಹಾಕಿದ. ಆಮೇಲೆ ಅಂದ: "ಇದನ್ನ ಬಿಸಾಕಬ್ಯಾಡ. ನಿಮ್ಮ ಮೇಷ್ಟ್ರಿಗೆ ಹೇಳು, ಒಂದು ಹಸಿ ಭತ್ತದ ಡಬ್ಬಿ ಪಕ್ಕದಾಗ ಇದನ್ನ ಇಡ್ರಿ ಅಂತ. ಜನ ನೋಡ್ಲಿ. ಬೆಂಕಿ ಏನ್ ಮಾಡ್ತೈತಿ ಅಂತ ಗೊತ್ತಾಗ್ಲಿ."

ಅಕ್ಷರ ಬಾರದ ಮನುಷ್ಯ. ಇಡೀ ಕ್ಲಾಸಿನಲ್ಲಿ ಯಾರಿಗೂ ಹೊಳೆಯದ ಪ್ರಯೋಗ ಅವನಿಗೆ ನೆಲದ ಮೇಲೆ ಕೂತಲ್ಲೇ ಹೊಳೆಯಿತು.

ಮರುದಿನ ನಾನು ಡಬ್ಬಿ ಹೊತ್ತು ಹೋಗಿ ಅಷ್ಟನ್ನೂ ಒಂದೇ ಉಸಿರಿನಲ್ಲಿ ಮೇಷ್ಟ್ರಿಗೆ ಒಪ್ಪಿಸಿದೆ. ಅವರು ಏಲಕ್ಕಿ ಅಗಿಯುವುದನ್ನು ನಿಲ್ಲಿಸಿದರು. ಒಂದು ಕಾಳು ಒಡೆದು ನೋಡಿದರು, ಇನ್ನೊಂದು ಒಡೆದು ನೋಡಿದರು. "ಯಾರು ಹೇಳಿದ್ರು ನಿನಗೆ?" "ನಮ್ಮ ಅಬ್ಬಾ ರೀ." "ಹೂಂ" ಅಂದರು. ನನ್ನ ಡಬ್ಬಿಯನ್ನು ಎತ್ತಿ ತಮ್ಮ ಮೇಜಿನ ಮೇಲೆ, ಮಲ್ಲಿಕಾರ್ಜುನಸ್ವಾಮಿಯ ಕುಂಡದ ಪಕ್ಕದಲ್ಲಿ ಇಟ್ಟರು. "ಇದು ಹರಿಹರಕ್ಕೆ ಹೋಗ್ತದೆ" ಅಂದರು. ಅವರ ಬಾಯಿಂದ ಬಂದದ್ದು ಅಷ್ಟೇ, ಮಿಕ್ಕಿದ್ದನ್ನು ನಾನೇ ಸೇರಿಸಿಕೊಂಡೆ.

ಪ್ರದರ್ಶನದ ದಿನ ಅಬ್ಬಾ ಭಟ್ಟಿ ಆರಿಸಿದ. ಹಬ್ಬವಲ್ಲ, ಸಾವಲ್ಲ, ಶನಿವಾರ ಮಧ್ಯಾಹ್ನ. ಓಣಿಯವರು ಬಂದು ಏನಾಯ್ತು ಎಂದು ಕೇಳಿದರು. "ಮಗಳ ಹೆಸರು ಹರಿಹರದಾಗ ಹಾಕ್ಯಾರ, ನೋಡಾಕ ಹೊಂಟೀವಿ" ಎಂದು ಪ್ರತಿಯೊಬ್ಬರಿಗೂ ಹೇಳಿದ. ಈದ್ ಹಬ್ಬದ ಅಂಗಿ ಹಾಕಿಕೊಂಡ. ಮೇಷ್ಟ್ರಿಗೆಂದು ಹೊಸ ಮಂಡಕ್ಕಿಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದ. ಹರಿಹರದ ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಅಮ್ಮಿ ಮನೆಯಲ್ಲೇ ಉಳಿದಳು. ಹೊಳೆ ಕಡೆಯಿಂದ ಬೀಸುವ ಗಾಳಿಗೆ ಹೈಸ್ಕೂಲಿನ ಅಂಗಳದಲ್ಲಿ ಕಟ್ಟಿದ ಬಣ್ಣದ ಕಾಗದವೆಲ್ಲ ಪಟಪಟ ಅನ್ನುತ್ತಿತ್ತು.

ಉದ್ದನೆಯ ಕೋಣೆಯಲ್ಲಿ ಮೇಜಿನ ಸಾಲು. ಅಬ್ಬಾ ನನಗಿಂತ ಮೊದಲೇ ಡಬ್ಬಿಯನ್ನು ಕಂಡ. ಅಮ್ಮಿ ಬೆಕ್ಕಿಗೆ ಎಸೆದಾಗ ಬಿದ್ದ ತಗ್ಗು ಅವನಿಗೆ ದೂರದಿಂದಲೇ ಕಂಡಿರಬೇಕು. "ಅಗೋ ನಮ್ಮ ಡಬ್ಬಿ!" ಎಂದು ಜನರ ನಡುವೆ ದಾರಿ ಮಾಡಿಕೊಂಡು ಹೋದ. ಮೇಜಿನ ಹಿಂದೆ ಮಲ್ಲಿಕಾರ್ಜುನಸ್ವಾಮಿ ಕೈಕಟ್ಟಿ ನಿಂತಿದ್ದ. ಅವನ ಹಸಿರು ಕುಂಡ ಒಂದು ಕಡೆ, ನನ್ನ ಬೋಳು ಡಬ್ಬಿ ಒಂದು ಕಡೆ, ನಡುವೆ ಬಿಳಿ ರಟ್ಟು. ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ: ಬೀಜದ ಮೇಲೆ ಶಾಖದ ಪರಿಣಾಮ. ಪ್ರಯೋಗ ಮಾಡಿದವರು, ಮಲ್ಲಿಕಾರ್ಜುನಸ್ವಾಮಿ, ಏಳನೇ ತರಗತಿ.

ಎಷ್ಟು ಸಲ ಓದಿದರೂ ಅಷ್ಟೇ ಇತ್ತು.

"ನಿನ್ನ ಹೆಸರು ಎಲ್ಲೈತೆ? ಓದು" ಅಂದ ಅಬ್ಬಾ. ಉರ್ದುವಿನಲ್ಲಲ್ಲ, ಕನ್ನಡದಲ್ಲಿ, ಸುತ್ತ ನಿಂತವರಿಗೆಲ್ಲ ಕೇಳಲೆಂದು, ದೊಡ್ಡ ದನಿಯಲ್ಲಿ.

ನಾನು ಓದಿದೆ. ಬೀಜದ ಮೇಲೆ ಶಾಖದ ಪರಿಣಾಮ. ಪ್ರಯೋಗ ಮಾಡಿದವರು. ಅಲ್ಲಿಗೆ ಬಂದು ಒಂದು ಕ್ಷಣ ನಿಂತೆ. ಆಮೇಲೆ ನನ್ನ ಹೆಸರು ಓದಿದೆ. ಮೂರೇ ಅಕ್ಷರದ ನನ್ನ ಹೆಸರು. ಏಳನೇ ತರಗತಿ.

ಮಲ್ಲಿಕಾರ್ಜುನಸ್ವಾಮಿ ತಲೆ ಎತ್ತಿ ನನ್ನನ್ನು ನೋಡಿದ. ಅಬ್ಬಾ ಅವನ ಕಡೆ ತಿರುಗಿ, "ಹೌದೇನಪ್ಪಾ? ಇದು ನಮ್ಮ ಹುಡುಗೀದು ಅಲ್ವಾ?" ಎಂದು ಕೇಳಿದ. ಹುಡುಗನ ಮುಖ ಕೆಂಪಾಯಿತು. "ಹೌದ್ರಿ" ಅಂದ. ಅವನು ನನಗೆ ಮಾಡಿದ ಉಪಕಾರ ಅದೊಂದೇ, ಅದನ್ನೂ ಅವತ್ತು ನಾನು ಉಪಕಾರ ಅಂದುಕೊಳ್ಳಲಿಲ್ಲ.

ಅಬ್ಬಾ ಬಗ್ಗಿ, ಕೂದಲಿಲ್ಲದ ಆ ಕೈಯಿಂದ, ನಾನು ಬೆರಳಿಟ್ಟು ತೋರಿಸಿದ ಕೆಂಪು ಅಕ್ಷರಗಳನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಸವರಿದ. ಸ್ವಯಂಸೇವಕ ಹುಡುಗಿಯೊಬ್ಬಳು "ಮುಟ್ಟಬ್ಯಾಡ್ರಿ" ಅಂದಳು. "ಇಲ್ಲವ್ವ, ನಮ್ದೇ" ಅಂದ.

ಹೊರಗೆ ಬರುವಾಗ ಹಾಲಪ್ಪ ಮೇಷ್ಟ್ರು ಚಹಾ ಕುಡಿದು ಬರುತ್ತ ಎದುರಾದರು. ಅಬ್ಬಾ ಗಂಟನ್ನು ಎರಡೂ ಕೈಯಲ್ಲಿ ನೀಡಿದ. "ಬಡವನ ಮಗಳ ಹೆಸರು ಹಾಕ್ಸಿದ್ರಿ ಮೇಷ್ಟ್ರೇ. ದೇವರು ನಿಮಗೆ ಚಲೋ ಮಾಡ್ಲಿ." ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಅವರ ಜೇಬಿನ ಪೆನ್ನುಗಳನ್ನು ನೋಡುತ್ತಿದ್ದೆ. "ಆಯ್ತು, ಆಯ್ತು" ಎಂದು ಗಂಟನ್ನು ತೆಗೆದುಕೊಂಡರು.

ಸೋಮವಾರ ಧೈರ್ಯ ಮಾಡಿ ಕೇಳಿದೆ, ನನ್ನ ಹೆಸರು ಯಾಕೆ ಬರೆಸಲಿಲ್ಲ ರೀ ಅಂತ. ಅವರಿಗೆ ಸಿಟ್ಟು ಬರಲಿಲ್ಲ. ದಡ್ಡ ಮಗುವಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ ಹೇಳಿದರು: "ನೋಡವ್ವಾ, ಅವನದು ಮೊಳಕೆ ಬಂದೈತೆ, ಹೆಸರು ಹಾಕಿದ್ವಿ. ನಿಂದು ಮೊಳಕೇನೇ ಬಂದಿಲ್ಲ. ಮೊಳಿಯದ ಡಬ್ಬಿಗೆ ಹೆಸರು ಯಾಕ ಬೇಕು?" ಅವರು ಅದನ್ನು ನಿಜವಾಗಿ ನಂಬಿದ್ದರು. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಕದ್ದವರಿಗೆ ತಾವು ಕದ್ದದ್ದು ಗೊತ್ತಿರಬೇಕು, ಕನಿಷ್ಠ ಅಷ್ಟಾದರೂ ಮರ್ಯಾದೆ ಬೇಡವೇ?

ಆಮೇಲೆ ನಾನು ವಿಜ್ಞಾನದ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ದೊಡ್ಡ ಶಪಥ ಅಂತಲ್ಲ, ಕೈ ಏಳಲಿಲ್ಲ ಅಷ್ಟೇ. ಕಲಾ ವಿಭಾಗ ಓದಿದೆ, ಕಚೇರಿಯೊಂದರಲ್ಲಿ ಗುಮಾಸ್ತೆಯಾದೆ, ಮೂವತ್ತು ವರ್ಷ ದಪ್ಪ ಪುಸ್ತಕಗಳಲ್ಲಿ ಊರಿನವರ ಹೆಸರು ಬರೆದೆ. ತಪ್ಪಿಲ್ಲದೆ ಬರೆದೆ, ಅದೊಂದು ಹೇಳಿಕೊಳ್ಳಬಹುದು. ಅತ್ತ ಅಬ್ಬಾ ಹರಿಹರದ ಕಥೆಯನ್ನು ವರ್ಷಗಟ್ಟಲೆ ಹೇಳಿದ. ಮಂಡಕ್ಕಿ ತೂಗುತ್ತ ಹೇಳುತ್ತಿದ್ದ, ಮಸೀದಿಯ ಮೆಟ್ಟಿಲ ಮೇಲೆ ಹೇಳುತ್ತಿದ್ದ. "ಇಷ್ಟುದ್ದ ಹೆಸರು, ಕೆಂಪು ಬಣ್ಣದಾಗ" ಎಂದು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದ. ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ. ಹುಡುಗಿಗೆ ನಾಚಿಕೆ ಅಂದುಕೊಳ್ಳುತ್ತಿದ್ದರು.

ನನ್ನ ಮದುವೆ ಗೊತ್ತಾಯಿತು. ಆಮಂತ್ರಣದ ಕಾಗದ ಒಂದು ಕಡೆ ಉರ್ದು, ಒಂದು ಕಡೆ ಕನ್ನಡದಲ್ಲಿ ಅಚ್ಚಾಗಿ ಬಂತು. ಅಬ್ಬಾ ಕನ್ನಡದ ಕಡೆ ತಿರುಗಿಸಿ, "ಇದ್ರಾಗ ನಿನ್ನ ಹೆಸರು ಯಾವುದು?" ಎಂದು ಕೇಳಿದ. ನಾನು ಏನೂ ಯೋಚಿಸದೆ ಬೆರಳಿಟ್ಟು ತೋರಿಸಿದೆ. ಅವನು ಅದರ ಮೇಲೆ ಬೆರಳು ಸವರಿದ. ಹೆಸರು ಬೇಗ ಮುಗಿದುಹೋಯಿತು. ಮತ್ತೊಮ್ಮೆ ಸವರಿದ.

"ಇಷ್ಟೇನಾ?" ಅಂದ.

"ಇಷ್ಟೇ ಅಬ್ಬಾ."

"ಹರಿಹರದಾಗ ಉದ್ದ ಇತ್ತು."

ಅಬ್ಬಾ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಒಲೆ ನೋಡಬೇಕು ಎಂದು ಎದ್ದು ಹೋದ. ಯಾಕೆ ಎಂದು ಕೇಳಲಿಲ್ಲ, ಯಾರದು ಎಂದು ಕೇಳಲಿಲ್ಲ. ಆಮೇಲೆ ಹದಿನಾರು ವರ್ಷ ಬದುಕಿದ್ದ. ಹರಿಹರದ ಕಥೆಯನ್ನು ಮಾತ್ರ ಮತ್ತೆ ಯಾರಿಗೂ ಹೇಳಲಿಲ್ಲ. ಅವನ ಒಂದೇ ಒಂದು ಕಥೆಯನ್ನು ಕಿತ್ತುಕೊಂಡವಳು ನಾನು. ಅವತ್ತೇ ಆ ಮೇಜಿನ ಮುಂದೆ ನಿಜ ಓದಿದ್ದರೆ ಅಬ್ಬಾ ಜಗಳಕ್ಕೆ ನಿಲ್ಲುತ್ತಿದ್ದ, ಮಂಡಕ್ಕಿಯ ಗಂಟನ್ನು ಮನೆಗೆ ವಾಪಸು ತರುತ್ತಿದ್ದ. ಯಾಕೆ ಕೇಳಲಿಲ್ಲ ಮನುಷ್ಯ? ಕೇಳಿದ್ದರೆ ಅತ್ತು ಹಗುರಾಗುತ್ತಿದ್ದೆ. ಕೇಳದೆ ಹೋದನೆಂದು ಅಬ್ಬಾನ ಮೇಲೂ ಒಂದು ಸಿಟ್ಟು ಇಟ್ಟುಕೊಂಡೇ ಬಂದೆ.

ಈಗ ಗೊತ್ತಾಯಿತಲ್ಲ, ಚಹಾ ಯಾಕೆ ಕುಕ್ಕಿದೆ ಅಂತ. ನಿನ್ನೆ ಬೆಳಿಗ್ಗೆ ಸೊಸೆ ಸ್ನಾನಕ್ಕೆ ಹೋದಾಗ ನಾನು ಗುಲಾಬಿ ಚೀಟಿಯನ್ನು ಹಸಿರು ಲೋಟದಿಂದ ಬಿಡಿಸಿ, ಕೊಳೆತ ಲೋಟಕ್ಕೆ ಅಂಟಿಸಿದೆ. ಇನಾಯಾಳನ್ನು ಕರೆದು, "ಎರಡೂ ತಗೊಂಡು ಹೋಗು. ಇದು ಅಮ್ಮಂದು, ಇದು ನಂದು ಅಂತ ಮಿಸ್ಸಿಗೆ ಹೇಳು. ನೀರು ಜಾಸ್ತಿಯಾಗಿ ಕೊಳೀತು ಅಂತ ಹೇಳು, ಅದೂ ಪಾಠಾನೇ" ಅಂದೆ. ಮಗು ದೊಡ್ಡ ಕಣ್ಣು ಬಿಟ್ಟು ಕೇಳಿಸಿಕೊಂಡು, ಆಗಲಿ ದಾದಿ ಎಂದು ಎರಡೂ ಲೋಟ ಹಿಡಿದು ಹೋಯಿತು. ಇಡೀ ದಿನ ನಾನು ಎಂ.ಸಿ.ಸಿ. ಬಡಾವಣೆಯ ಈ ಮನೆಯಲ್ಲಿ ದೊಡ್ಡ ನ್ಯಾಯ ತೀರಿಸಿದವಳಂತೆ ಓಡಾಡಿದೆ.

ಸಂಜೆ ಬಂದಳು. ಓಡಿಬಂದು ಲೋಟ ತೋರಿಸಿದಳು. ಹಸಿರು ಲೋಟ. ಅದರ ಮೇಲೆ ಹೊಳೆಯುವ ಒಂದು ನಕ್ಷತ್ರ, ನಕ್ಷತ್ರದ ಕೆಳಗೆ ಗುಲಾಬಿ ಚೀಟಿ. ಚೀಟಿಯ ಒಂದು ಮೂಲೆ ಹರಿದಿತ್ತು, ದಾರಿಯಲ್ಲಿ ಎಲ್ಲೋ ಪುಟ್ಟ ಉಗುರಿನಿಂದ ಕಿತ್ತು ಮತ್ತೆ ಅಂಟಿಸಿದ್ದಕ್ಕೆ. ಇನ್ನೊಂದು ಲೋಟ ಎಲ್ಲೂ ಕಾಣಲಿಲ್ಲ.

"ಭಾಳ ಚಂದ ಬೆಳೆಸೀಯ ಅಂದ್ರು ಮಿಸ್" ಅಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ನನ್ನ ಸೀರೆಯ ಸೆರಗು ನೋಡುತ್ತಿದ್ದಳು.

ಇನ್ನೊಂದು ಲೋಟ ಎಲ್ಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿದೆ, ನುಂಗಿಕೊಂಡೆ.

"ಹೌದಾ? ಎಲ್ಲೈತೆ ನಿನ್ನ ಹೆಸರು, ತೋರ್ಸು" ಅಂದೆ. ತೋರಿಸಿದಳು. ನಾನು ಕನ್ನಡಕ ತೆಗೆದಿಟ್ಟು, ಹರಿದ ಮೂಲೆಯಿಂದ ಶುರುಮಾಡಿ, ಅದರ ಮೇಲೆ ನಿಧಾನವಾಗಿ ಬೆರಳು ಸವರಿದೆ.